ನಡುವಿನವರ ಕಾಗದ

ಹೊಸಪೇಟೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಲೋಕಾನುಭವ ಕಡಮೆ ಎಂದು ಮನೆಯವರ ಅಭಿಪ್ರಾಯ. ಆದರೂ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ನಮ್ಮ ಸೀಮೆಯಲ್ಲಿ ನಡುವೆ ಒಬ್ಬನಿಲ್ಲದೆ ನಡೆಯುವ ವ್ಯವಹಾರ ಅಪೂರ್ವ. ಕಂಪ್ಲಿಯ ಗದ್ದೆಯಿಂದ ಬತ್ತ ಗಿರಣಿಗೆ ಹೋಗಬೇಕಾದರೆ ನಡುವೆ ದಲ್ಲಾಳಿಯಿದ್ದಾನೆ. ಸಂಡೂರಿನ ಗುಡ್ಡದಿಂದ ಅದಿರು ಹೊರಡಬೇಕಾದರೆ ಲಾರಿಯ ಏಜೆಂಟನಿದ್ದಾನೆ. ಹಂಪೆಯ ಕಲ್ಲುಗಳನ್ನು ಸುಮ್ಮನೆ ನೋಡಿಕೊಂಡು ಬರೋಣವೆಂದರೆ ಕಲ್ಲಿಗೂ ನಮಗೂ ನಡುವೆ ನಿಂತು ವಿವರಿಸಲು ಗೈಡು ಸಿದ್ಧನಾಗಿದ್ದಾನೆ. ಜಾತಕ ಕೂಡಿಸುವುದಕ್ಕೂ, ನಿವೇಶನ ಕೊಳ್ಳುವುದಕ್ಕೂ, ಜೀವವಿಮೆ ಮಾಡಿಸುವುದಕ್ಕೂ ಒಬ್ಬೊಬ್ಬರಿದ್ದಾರೆ. ದೇವರ ಹತ್ತಿರ ಮಾತನಾಡಬೇಕಾದರೂ ಪೂಜಾರಿಯ ಬಾಯಿ ಬೇಕು. ಇಷ್ಟೆಲ್ಲ ಇದ್ದೂ, ಕಥೆ ಬರೆಯುವವನಿಗೂ ಅದನ್ನು ಅಚ್ಚುಹಾಕುವ ಪತ್ರಿಕೆಯ ಸಂಪಾದಕನಿಗೂ ನಡುವೆ ಮಾತ್ರ ಕನ್ನಡದಲ್ಲಿ ಬಹುಕಾಲ ಯಾರೂ ಹುಟ್ಟಲಿಲ್ಲ.

ಏಕೆ ಹುಟ್ಟಲಿಲ್ಲ ಎಂಬುದಕ್ಕೆ ಸಂಶೋಧನೆ ಬೇಕಾಗಿಲ್ಲ. ದಲ್ಲಾಳಿಯು ಹಣ ಹರಿಯುವ ದಾರಿಯಲ್ಲಿ ಕೂತುಕೊಳ್ಳುವವನು. ನಮ್ಮ ಲೇಖಕನಿಗೆ ಪತ್ರಿಕೆಯಿಂದ ಬಹುಕಾಲ ಬರುತ್ತಿದ್ದುದು ಗೌರವ ಪ್ರತಿ. ಗೌರವ ಪ್ರತಿಯಲ್ಲಿ ನೂರಕ್ಕೆ ಹತ್ತರಂತೆ ಕಮಿಷನ್ ಕೊಡುವುದಾದರೆ ಎಷ್ಟು ಪುಟ ಹರಿದು ಕೊಡಬೇಕು? ಮುಖಪುಟವನ್ನೂ ಲೆಕ್ಕಕ್ಕೆ ಹಿಡಿಯಬೇಕೆ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕದ್ದರಿಂದಲೇ ಆ ಉದ್ಯೋಗ ನಮ್ಮಲ್ಲಿ ಬೆಳೆಯಲಿಲ್ಲವೆಂದು ತೋರುತ್ತದೆ.

ಅದರ ಬದಲು ನಮ್ಮ ಸಂಪಾದಕರೇ ಎಲ್ಲವೂ ಆಗಿದ್ದರು. ೧೯೧೯ರಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಹೊರಡಿಸಿದ ಎ. ಆರ್. ಕೃಷ್ಣಶಾಸ್ತ್ರಿಗಳಾಗಲಿ, ೧೯೪೪ರಿಂದ ಎರಡು ದಶಕಗಳ ಕಾಲ 'ಜೀವನ'ವನ್ನು ನಡೆಸಿದ ಮಾಸ್ತಿಯವರಾಗಲಿ, ಬಂದ ಲೇಖನವನ್ನು ಮೇಜಿನ ಮೇಲಿಟ್ಟು ಕಾಯುತ್ತ ಕೂತವರಲ್ಲ. ಬರೆಯುವವರನ್ನು ಹುಡುಕಿ ಬೆಳೆಸಿದವರು. ೧೯೩೩ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ ಜಿ. ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿ, ಲೇಖಕರನ್ನು ಕಾಡಿ, ಪುಸ್ತಕಗಳನ್ನು ಹೊರತಂದರು. ನಮ್ಮ ತಲೆಮಾರಿಗೆ ಸಂಪಾದಕರ ಪತ್ರವೆಂದರೆ ಒಂದು ಅಂಚೆ ಕಾರ್ಡು. ಕಥೆ ತಲುಪಿದೆ, ಮುಂದಿನ ಸಂಚಿಕೆಗೆ ಇಟ್ಟುಕೊಂಡಿದೆ, ಕೊನೆಯ ಪ್ಯಾರಾ ಬೇಡವೆನಿಸಿತು, ಏನೆನ್ನುತ್ತೀರಿ — ಇಷ್ಟೇ. ಕಾರ್ಡಾದ್ದರಿಂದ ಅಂಚೆಯವನೂ ಓದಿಕೊಂಡು ಬರುತ್ತಿದ್ದ. ಕೊಡುವಾಗ ಮುಖ ನೋಡಿಯೇ ಫಲಿತಾಂಶ ತಿಳಿಯುತ್ತಿತ್ತು. ಎರಡು ಊರುಗಳ ನಡುವೆ ಇಬ್ಬರೇ ಆಡುವ ಮಾತು ಅದು. ಇಬ್ಬರೂ ಒಂದೇ ಭಾಷೆಯವರು. ಹೊಳೆಯೆಂದರೆ ಹೊಳೆ, ಅತ್ತಿಗೆಯೆಂದರೆ ಅತ್ತಿಗೆ. ನಡುವೆ ನಿಂತು ಅರ್ಥ ಹೇಳುವವನು ಬೇಕಿರಲಿಲ್ಲ.

ಆ ಮೂರನೆಯವರು ಬೇಕಾಗುವುದು ಬರಹವು ದೂರ ಹೋಗಬೇಕಾದಾಗ. ಇಂಗ್ಲೆಂಡಿನಲ್ಲಿ ಈ ಉದ್ಯೋಗ ಸುಮಾರು ೧೮೭೫ರ ವೇಳೆಗೆ ಎ. ಪಿ. ವಾಟ್ ಎಂಬ ಗೃಹಸ್ಥರಿಂದ ಆರಂಭವಾಯಿತು. ಲೇಖಕನ ಪರವಾಗಿ ಪತ್ರಿಕೆಗಳಿಗೂ ಪ್ರಕಾಶಕರಿಗೂ ಕಾಗದ ಬರೆಯುವುದು, ಒಪ್ಪಂದ ಮಾಡಿಸುವುದು, ಬಂದ ಹಣದಲ್ಲಿ ನೂರಕ್ಕೆ ಹತ್ತು ಹಿಡಿದುಕೊಂಡು ಉಳಿದದ್ದನ್ನು ಕೊಡುವುದು — ಇದು ಅವರ ಕ್ರಮ. ಈಗ ಸಾಮಾನ್ಯವಾಗಿ ಸ್ವದೇಶದಲ್ಲಿ ನೂರಕ್ಕೆ ಹದಿನೈದು, ಪರದೇಶದ ವ್ಯವಹಾರಕ್ಕೆ ಇಪ್ಪತ್ತು ಎನ್ನುತ್ತಾರೆ.

ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಕಥೆಯನ್ನು ವಾಚಕರು ಬಲ್ಲರು. ಅವರ ಮೊದಲ ಕಾದಂಬರಿಯ ಹಸ್ತಪ್ರತಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು, ಕಡೆಗೆ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಮಿತ್ರ ಪೂರ್ಣ ಅವರ ಕೈ ಸೇರಿತು. ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ನಾರಾಯಣರು ಬೇಸತ್ತು ಬರೆದರಂತೆ. ಮಿತ್ರರು ಅದನ್ನು ನದಿಗೆ ಹಾಕದೆ ಗ್ರಹಾಂ ಗ್ರೀನ್ ಅವರ ಕೈಯಲ್ಲಿಟ್ಟರು. ೧೯೩೫ರಲ್ಲಿ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಕಮಿಷನ್ ಕೇಳದ ಇಬ್ಬರು ನಡುವಿನವರಿಂದ ಆದ ಕೆಲಸ ಇದು. ಹಣ ಪಡೆಯುವ ಏಜೆಂಟರು ಆಮೇಲೆ ಬಂದರು. ಇಲ್ಲಿ ಇನ್ನೊಂದು ಸಂಗತಿಯಿದೆ. ಉದ್ದನೆಯ ಹೆಸರು ಇಂಗ್ಲಿಷರ ನಾಲಗೆಗೆ ಹತ್ತದೆಂದು ಗ್ರೀನ್ ಲೇಖಕರ ಹೆಸರನ್ನು ಮೊಟಕು ಮಾಡಿಸಿದರು, ಪುಸ್ತಕದ ಹೆಸರನ್ನೂ ಬದಲಾಯಿಸಿದರು. ಆದರೆ ಮಾಲ್ಗುಡಿಯನ್ನು ಮುಟ್ಟಲಿಲ್ಲ. ಎಲ್ಲಿ ಕತ್ತರಿ ಹಾಕಬಹುದು, ಎಲ್ಲಿ ಹಾಕಿದರೆ ಜೀವ ಹೋಗುತ್ತದೆ ಎಂಬುದನ್ನು ತಿಳಿಯುವುದೇ ನಡುವಿನವನ ವಿದ್ಯೆಯಿರಬೇಕು.

ಈ ವಿದ್ಯೆಯನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಕೆಲವು ವರ್ಷಗಳ ಹಿಂದೆ ಒದಗಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಬಿಡುವಿನಲ್ಲಿ ಕಥೆ ಬರೆಯುತ್ತಾನೆ. ಅವನ ಒಂದು ಕಥೆ ದೀಪಾವಳಿ ವಿಶೇಷಾಂಕದಲ್ಲಿ ಬಂತು. ಬೆಂಗಳೂರಿನ ಒಬ್ಬ ಅಧ್ಯಾಪಕಿ ಅದನ್ನು ಓದಿ, ಅವನ ಒಪ್ಪಿಗೆ ಪಡೆದು ಇಂಗ್ಲಿಷಿಗೆ ಅನುವಾದಿಸಿದರು. ದಿಲ್ಲಿಯ ಒಬ್ಬ ಸಾಹಿತ್ಯ ಏಜೆಂಟರಿಗೆ ಕಳುಹಿಸಿದರು. ಆ ಮಹಿಳೆ ಅದನ್ನು ಪರದೇಶದ ಒಂದು ಪತ್ರಿಕೆಯ ಸಂಪಾದಕರಿಗೆ ತೋರಿಸಿದರು. ಒಂದು ಭಾನುವಾರ ಹುಡುಗ ಕಂಪ್ಲಿಯಿಂದ ಬಸ್ಸಿನಲ್ಲಿ ಬಂದು, ತನ್ನ ಫೋನನ್ನು ನನ್ನ ಮುಂದಿಟ್ಟ. ಏಜೆಂಟರು ತಾವೂ ಸಂಪಾದಕರೂ ಬರೆದುಕೊಂಡ ಪತ್ರಗಳನ್ನೆಲ್ಲ ಅವನಿಗೂ ಅನುವಾದಕಿಗೂ ಕಳುಹಿಸಿದ್ದರು.

"ಇಂಗ್ಲಿಷು ನಂಗೆ ಅರ್ಧ ತಿಳೀತದೆ ಸಾರ್. ಆದ್ರೆ ನಮ್ಮೂರ ಹೆಸ್ರು ತೆಗೀಬೇಕು ಅಂದಂಗೈತಲ್ಲ? ನೀವೊಮ್ಮೆ ನೋಡ್ರಿ," ಎಂದ.

ನಾನು ಕನ್ನಡಕ ಹಾಕಿಕೊಂಡು ಓದಿದೆ. ಇಂಥ ಪತ್ರವ್ಯವಹಾರವನ್ನು ನಾನು ನೋಡಿದ್ದು ಅದೇ ಮೊದಲು. ಏಜೆಂಟರ ಮೊದಲ ಪತ್ರ ಮೂರೇ ಪ್ಯಾರಾ. ಬರೆದವನು ಯಾರು, ಕಥೆ ಯಾವುದರ ಬಗ್ಗೆ, ಪತ್ರಿಕೆಗೆ ಕೊಡುವುದು ಯಾವ ಹಕ್ಕು. ಮೊದಲ ಸಲ ಅಚ್ಚುಮಾಡುವ ಹಕ್ಕು ಮಾತ್ರ ನಿಮ್ಮದು. ಪುಸ್ತಕ, ಚಲನಚಿತ್ರ, ಬೇರೆ ಭಾಷೆಗಳ ಹಕ್ಕೆಲ್ಲ ಲೇಖಕನ ಹತ್ತಿರವೇ ಉಳಿಯತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿದ್ದರು. ಕಥೆ ಕಳುಹಿಸುವಾಗ ಹಕ್ಕು ಎಂಬ ಶಬ್ದವನ್ನೇ ಕೇಳದ ನಮ್ಮಂಥವರಿಗೆ ಇದು ಹೊಸ ಪಾಠ.

ಸಂಪಾದಕರ ಉತ್ತರ ಸೌಜನ್ಯದಿಂದ ಕೂಡಿತ್ತು. ಕಥೆ ಮೆಚ್ಚಿಗೆಯಾಗಿದೆ, ಸಂಭಾವನೆ ಇಷ್ಟು, ಪದಗಳು ಇಷ್ಟು ಕಡಮೆಯಾಗಬೇಕು. ಸಂಭಾವನೆಯ ಮೊತ್ತವನ್ನು ರೂಪಾಯಿಗೆ ಬದಲಿಸಿ ನೋಡಿದರೆ ಗಿರಣಿಯಲ್ಲಿ ಅವನಿಗೆ ಬರುವ ಮೂರು ತಿಂಗಳ ಸಂಬಳಕ್ಕಿಂತ ಹೆಚ್ಚು. ಆಮೇಲೆ ಎರಡು ಸಲಹೆಗಳು. ಕಂಪ್ಲಿ, ಗಂಗಾವತಿ ಎಂಬ ಹೆಸರುಗಳು ನಮ್ಮ ಓದುಗರಿಗೆ ತಿಳಿಯವು, ದಕ್ಷಿಣ ಭಾರತದ ಒಂದು ಸಣ್ಣ ಊರು ಎಂದರೆ ಸಾಲದೆ? ಹಾಗೆಯೇ ಹರಿಗೋಲು ಎಂದು ಅನೇಕ ಕಡೆ ಬರುತ್ತದೆ, ದೋಣಿ ಎಂದರಾಗದೆ?

ಕಥೆಯನ್ನು ಓದದವರಿಗೆ ಇದು ನ್ಯಾಯವಾಗಿಯೇ ಕಾಣಬಹುದು. ಆದರೆ ಕಥೆ ಏನು? ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಆಚೆ ದಡದ ಗಂಗಾವತಿಯ ಕಡೆಗೆ ದಾರಿ ಕಟ್ಟಾಗುತ್ತದೆ. ಇದು ನಮ್ಮ ಕಡೆಯವರೆಲ್ಲ ಕಂಡದ್ದೇ. ಅಂಥ ಒಂದು ದಿನ, ಆಚೆ ದಡಕ್ಕೆ ಮಗಳನ್ನು ಕೊಟ್ಟಿದ್ದ ಒಬ್ಬ ಮುದುಕ, ಬೇಡವೆಂದರೂ ಕೇಳದೆ ಹರಿಗೋಲು ಇಳಿಸುತ್ತಾನೆ. ಹರಿಗೋಲು ದುಂಡಗಿನದು, ಅದಕ್ಕೆ ಮುಂದು ಹಿಂದು ಇಲ್ಲ. ಸುಳಿಯಲ್ಲಿ ಅದು ತಿರುಗುತ್ತದೆ. ಒಂದು ಗಳಿಗೆ ಮಗಳ ಊರು ಕಾಣುತ್ತದೆ, ಮರುಗಳಿಗೆ ತನ್ನ ಊರು, ಮತ್ತೆ ಮಗಳ ಊರು. ಯಾವ ದಡಕ್ಕೆ ಹೋಗುತ್ತಿದ್ದೇನೆಂದು ಅವನಿಗೇ ತಿಳಿಯದಾಗುತ್ತದೆ. ಕಥೆಯ ಪ್ರಾಣ ಅಲ್ಲಿದೆ. ದೋಣಿಗೆ ಮುಂದು ಹಿಂದು ಇದೆ, ಹೀಗೆ ತಿರುಗುವುದಿಲ್ಲ. ದೋಣಿಯೆಂದು ಬರೆದರೆ ಮುದುಕ ನೆಟ್ಟಗೆ ಮಗಳ ಮನೆಗೆ ಹೋಗಿ ಊಟ ಮಾಡಿಕೊಂಡು ಬರುತ್ತಾನೆ.

ಹುಡುಗನ ಕಷ್ಟ ನನಗೆ ಅರ್ಥವಾಯಿತು. ಮನೆಯ ಮೇಲಿನ ತಗಡು ಬದಲಾಯಿಸುವುದಿತ್ತು. ಮಳೆಗಾಲ ಹತ್ತಿರವಿತ್ತು. "ಒಪ್ಪಿಕೊಂಬಿಡಲಾ ಸಾರ್? ಕನ್ನಡದಾಗೆ ಹೆಂಗೂ ಸರಿಯಾಗೇ ಐತಲ್ಲ," ಎಂದ. ಬಾಯಿ ಹಾಗೆಂದರೂ ಕಣ್ಣು ಒಪ್ಪಿರಲಿಲ್ಲ. ಏಜೆಂಟರು ಸಂಪಾದಕರಿಗೆ ಇನ್ನೂ ಉತ್ತರ ಬರೆದಿರಲಿಲ್ಲ. ನಿಮ್ಮ ಅಭಿಪ್ರಾಯ ತಿಳಿಯದೆ ನಾನು ಒಂದು ಅಕ್ಷರವನ್ನೂ ಒಪ್ಪುವಂತಿಲ್ಲ ಎಂದು ಇವನಿಗೆ ಬರೆದು ಕಾಯುತ್ತಿದ್ದರು. ಅವರಿಗಾದರೋ ಕಥೆ ಹೇಗೆ ಅಚ್ಚಾದರೂ ಬರುವ ಕಮಿಷನ್ ಒಂದೇ. ಒಪ್ಪಿಬಿಡಿ ಎಂದಿದ್ದರೆ ಅವರಿಗೂ ಒಂದು ಕೆಲಸ ಮುಗಿಯುತ್ತಿತ್ತು.

ಇದನ್ನು ಓದುತ್ತಿದ್ದ ಹಾಗೆ ನನಗೆ ಇನ್ನೊಂದು ಕಾಗದ ನೆನಪಾಯಿತು. ಅದೂ ನಮ್ಮ ಊರಿಗೇ ಸಂಬಂಧಿಸಿದ್ದು. ಬರೆದು ಸುಮಾರು ಐನೂರು ವರ್ಷವಾಯಿತು. ವಿಜಯನಗರವನ್ನು ನೋಡಿದ ಪೋರ್ಚುಗೀಸರಾದ ಡೊಮಿಂಗೊ ಪಾಯಸ್ ಮತ್ತು ಫರ್ನಾವೊ ನೂನಿಜ್ ಇವರ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಇವರಿಬ್ಬರ ಬರಹವೂ ಒಂದೇ ಹಸ್ತಪ್ರತಿಯಲ್ಲಿ ನಮಗೆ ಬಂದಿದೆಯೆಂಬುದನ್ನೂ, ಅದರ ತಲೆಯಲ್ಲಿ ಒಂದು ಪರಿಚಯ ಪತ್ರವಿದೆಯೆಂಬುದನ್ನೂ ಹೆಚ್ಚು ಜನ ಗಮನಿಸುವುದಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಆ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು ೧೮೯೭ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಮಾಡಿಸಿದರು. ಮದ್ರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ರಾಬರ್ಟ್ ಸ್ಯೂವೆಲ್ ಅದನ್ನು ಇಂಗ್ಲಿಷಿಗೆ ತಂದು ೧೯೦೦ರಲ್ಲಿ ಪ್ರಕಟಿಸಿದರು. ಮರೆತುಹೋದ ಸಾಮ್ರಾಜ್ಯ ಜಗತ್ತಿಗೆ ಮತ್ತೆ ನೆನಪಾದದ್ದು ಹಾಗೆ.

ಆ ಪತ್ರವನ್ನು ಸುಮಾರು ೧೫೩೭ರಲ್ಲಿ ಈ ಕಡೆಯಿಂದ ಪೋರ್ಚುಗಲ್ಲಿಗೆ ಕಳುಹಿಸಿದ್ದು. ಯಾರಿಗೆ ಕಳುಹಿಸಿದ್ದೋ ಆ ಮಹನೀಯರು ಇತಿಹಾಸಕಾರ ಬಾರೋಸ್ ಇರಬೇಕೆಂದು ವಿದ್ವಾಂಸರ ಊಹೆ. ಬಾರೋಸ್ ಭಾರತಕ್ಕೆ ಬಂದವರಲ್ಲ. ಲಿಸ್ಬನ್ನಿನಲ್ಲಿ ಕೂತು, ಬಂದವರ ಬರಹಗಳನ್ನು ತರಿಸಿಕೊಂಡು ಪೂರ್ವದೇಶಗಳ ಇತಿಹಾಸ ರಚಿಸಿದವರು. ದೂರದಲ್ಲಿ ಕೂತ ಒಬ್ಬ ಸಂಪಾದಕರೆಂದೇ ಹೇಳಬಹುದು. ಅವರಿಗೆ ಇಲ್ಲಿಂದ ಬರಹ ಹುಡುಕಿ ಕಳುಹಿಸಿದವನು ನಡುವಿನವನು. ಹಂಪೆಯ ಮಟ್ಟಿಗೆ ಮೊದಲ ಸಾಹಿತ್ಯ ಏಜೆಂಟನೆಂದರೆ ಇವನೇ.

ಅವನು ಬರೆದದ್ದರ ಸಾರಾಂಶ ಇಷ್ಟು. ಆ ನಗರಕ್ಕೆ ಹೋದವರಾರೂ ಏನಾದರೂ ಬರೆದುಕೊಳ್ಳದೆ ಬರುವುದಿಲ್ಲವೆಂದು ತಿಳಿದು, ತಮ್ಮ ಇಚ್ಛೆಯಂತೆ ಅಂಥವರನ್ನು ಹುಡುಕಿದೆ. ಒಂದು ಬರಹ ಕೃಷ್ಣರಾಯನ ಕಾಲದಲ್ಲಿ ಅಲ್ಲಿದ್ದ ಪಾಯಸನದು. ಇನ್ನೊಂದು ಮೂರು ವರ್ಷ ಅಲ್ಲಿ ಕುದುರೆ ವ್ಯಾಪಾರ ಮಾಡಿದ ನೂನಿಜನದು. ಆ ವ್ಯಾಪಾರದಲ್ಲಿ ಲಾಭ ಬರಲಿಲ್ಲವೆಂಬುದನ್ನೂ ಅವನು ಬಿಡದೆ ಸೇರಿಸಿದ್ದಾನೆ! ಒಬ್ಬನೇ ಎಲ್ಲವನ್ನೂ ಹೇಳಲಾರ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಬಿಟ್ಟಿರುತ್ತಾನೆ. ಆದ್ದರಿಂದ ಎರಡನ್ನೂ ಕಳುಹಿಸುತ್ತಿದ್ದೇನೆ, ಉಪಯುಕ್ತವಾದುದನ್ನು ತಾವು ಆರಿಸಿಕೊಳ್ಳಬಹುದು.

ಅವನು ಮಾಡದೆ ಬಿಟ್ಟದ್ದೇನೆಂದು ಯೋಚಿಸಿ. ಎರಡನ್ನೂ ಕಲಸಿ ಒಂದು ನಯವಾದ ವರದಿ ಮಾಡಿ ತನ್ನ ಹೆಸರಿನಲ್ಲಿ ಕಳುಹಿಸಬಹುದಾಗಿತ್ತು; ಮಾಡಲಿಲ್ಲ. ಲಿಸ್ಬನ್ನಿನವರಿಗೆ ತಿಳಿಯದ ಹೆಸರುಗಳನ್ನು ಕಿತ್ತುಹಾಕಬಹುದಾಗಿತ್ತು, ಹಾಕಲಿಲ್ಲ. ಇದರ ಫಲವೇನೆಂದು ನೋಡಲು ನಾವು ಹೊಸಪೇಟೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರವೇ ನಮ್ಮ ಊರು. ಅದಕ್ಕೆ ನೀರು ತರಲು ಸಂಡೂರು ಬೆಟ್ಟಗಳ ಸಾಲಿನ ಕಣಿವೆಗೆ ಅಡ್ಡಲಾಗಿ ಅವನು ಒಂದು ದೊಡ್ಡ ಕೆರೆಯ ಏರಿ ಹಾಕಿಸಿದ. ಆ ಕೆಲಸ ನಡೆಯುವಾಗ ಪಾಯಸ್ ಅಲ್ಲಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ನೆಲವೇ ಕಾಣದಂತೆ ದುಡಿಯುತ್ತಿದ್ದುದನ್ನು ಅವನು ಕಣ್ಣಿನಿಂದ ಕಂಡು ಬರೆದ. ನೂನಿಜ್ ಬಂದದ್ದು ಆಮೇಲೆ. ಇರುವೆಗಳನ್ನು ಅವನು ನೋಡಲಿಲ್ಲ. ಆದರೆ ಗೋವೆಯಿಂದ ಕರೆಸಿದ ಕಲ್ಲುಕೆಲಸದ ಪೋರ್ಚುಗೀಸ್ ಮೇಸ್ತ್ರಿಯ ಹೆಸರನ್ನೂ, ಅವನು ಸುಣ್ಣ ಕೇಳಿದಾಗ ರಾಯ ನಕ್ಕದ್ದನ್ನೂ ಕೇಳಿ ತಿಳಿದು ಬರೆದ. ಒಂದೇ ಕೆರೆ, ಎರಡು ಕಣ್ಣು. ಎರಡನ್ನೂ ಕಲಸಿದ್ದರೆ ಇರುವೆಗಳೋ ಮೇಸ್ತ್ರಿಯೋ ಯಾರಾದರೊಬ್ಬರು ಕರಗಿಹೋಗುತ್ತಿದ್ದರು. ರಾಯರ ಕೆರೆಯಲ್ಲಿ ನೀರು ಹೋಗಿ ಎಷ್ಟೋ ಕಾಲವಾಯಿತು. ಆ ಎರಡು ಬರಹಗಳಲ್ಲಿ ಮಾತ್ರ ಅದರ ಕೆಲಸ ಇನ್ನೂ ನಡೆಯುತ್ತಿದೆ.

ನಾನು ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬ್ಯಾಡ ಅಂತಲೇ ಬರಿಯಾನ ಸಾರ್. ಹರಿಗೋಲು ಇರ್ಲಿ, ಕಂಪ್ಲಿನೂ ಇರ್ಲಿ. ಉದ್ದ ಕಡಿಮಿ ಮಾಡಾಕ ನಂದೇನೂ ಅಡ್ಡಿಲ್ಲ," ಎಂದ. ಹರಿಗೋಲಿಗೂ ದೋಣಿಗೂ ಇರುವ ವ್ಯತ್ಯಾಸವನ್ನು ಅವನು ಕನ್ನಡದಲ್ಲಿ ನಾಲ್ಕು ಸಾಲು ಹೇಳಿದ. ಅನುವಾದಕಿ ಅದನ್ನು ಇಂಗ್ಲಿಷ್ ಮಾಡಿದರು.

ವಾರದೊಳಗೆ ಏಜೆಂಟರು ಸಂಪಾದಕರಿಗೆ ಬರೆದ ಪತ್ರದ ಪ್ರತಿ ಬಂತು. ನಾನು ಅನೇಕ ಪತ್ರಗಳನ್ನು ಓದಿದ್ದೇನೆ. ಅಂಥದನ್ನು ಕಡಮೆ ಓದಿದ್ದೇನೆ. ಜಗಳವಿಲ್ಲ, ಅಂಗಲಾಚುವಿಕೆಯೂ ಇಲ್ಲ. ಸೇತುವೆ ಮುಳುಗುವುದು ಒಂದು ನಿಜವಾದ ಊರಿನಲ್ಲಿ, ಆ ಊರಿಗೆ ಹೆಸರಿದೆ. ನಿಮ್ಮ ದೇಶದ ಸಣ್ಣ ಊರುಗಳ ಹೆಸರನ್ನು ನಮ್ಮ ಓದುಗರು ನೂರು ವರ್ಷದಿಂದ ಕೇಳಿ ಕಲಿತಿದ್ದಾರೆ, ನಿಮ್ಮವರೂ ಒಂದೆರಡನ್ನು ಕಲಿಯಬಲ್ಲರು — ಇದು ಒಂದನೆಯದು. ತಿರುಗದ ದೋಣಿಯಲ್ಲಿ ಈ ಕಥೆ ಕೂರುವುದಿಲ್ಲ — ಇದು ಎರಡನೆಯದು. ಮೂರನೆಯದನ್ನು ಹುಡುಗನೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ: ಸಂಪಾದಕರು ಕಳುಹಿಸಿದ ಕರಡಿನಲ್ಲಿ ಅನುವಾದಕಿಯ ಹೆಸರಿಲ್ಲ, ಅದು ಲೇಖಕರ ಹೆಸರಿನ ಕೆಳಗೆ ಬರತಕ್ಕದ್ದು.

ಸಂಪಾದಕರು ಊರನ್ನೂ ಹರಿಗೋಲನ್ನೂ ಉಳಿಸಿಕೊಂಡರು. ಮಧ್ಯದ ಎರಡು ಪ್ಯಾರಾ ಹೋಯಿತು. ಹೋದದ್ದರಿಂದ ಕಥೆಗೆ ನಷ್ಟವಾಗಲಿಲ್ಲವೆಂದು ನನ್ನ ಮತ. ಅನುವಾದಕಿಯ ಹೆಸರು ಕೇಳಿದ ಜಾಗಕ್ಕೆ ಬರದೆ ಕಥೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬಂತು. ಎಲ್ಲ ಗೆಲುವೂ ಪೂರ್ತಿ ಗೆಲುವಲ್ಲ. ಹಣದಲ್ಲಿ ಏಜೆಂಟರ ಪಾಲು ಕಳೆದು ಉಳಿದದ್ದನ್ನು ಬರೆದವನೂ ಅನುವಾದಿಸಿದವರೂ ಸಮನಾಗಿ ಹಂಚಿಕೊಂಡರು. ತಗಡು ಬದಲಾಯಿತು. ಅದಕ್ಕಿಂತ ಹೆಚ್ಚಾಗಿ ಹುಡುಗ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ನನ್ನ ಕಡೀಗೆ ನಿಂತು ಒಬ್ರು ವಾದ ಮಾಡಿದ್ದು ಇದೇ ಮೊದ್ಲು ಸಾರ್."

ಅನುವಾದಕರ ಹೆಸರು ಎಲ್ಲಿರಬೇಕೆಂಬುದು ಈಗ ಸಣ್ಣ ವಿಚಾರವಾಗಿ ಉಳಿದಿಲ್ಲ. ೨೦೨೫ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದಾಗ, ಐವತ್ತು ಸಾವಿರ ಪೌಂಡುಗಳು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹೋದವು. ಕನ್ನಡದ ಕಥೆಗಳಿಗೆ ಈಗ ದೂರದ ದಾರಿ ತೆರೆದಿದೆ. ದಾರಿಯಿದ್ದ ಮೇಲೆ ನಡುವಿನವರು ಬಂದೇ ಬರುತ್ತಾರೆ. ಬರಬಾರದೆಂದು ನಾವು ಹಳೆಯ ಕಾರ್ಡನ್ನು ಹಿಡಿದುಕೊಂಡು ಕೂತರೆ ಪ್ರಯೋಜನವಿಲ್ಲ. ಎಂಥವರು ಬರಬೇಕು ಎಂಬುದಷ್ಟೇ ಪ್ರಶ್ನೆ. ಬತ್ತದ ದಲ್ಲಾಳಿ ಒಳ್ಳೆಯವನೋ ಅಲ್ಲವೋ ಎಂಬುದನ್ನು ರೈತ ಅವನ ಕಮಿಷನ್ನಿನಿಂದ ಅಳೆಯುವುದಿಲ್ಲ. ತನ್ನ ಚೀಲವನ್ನು ಬೇರೆಯವರ ಚೀಲದೊಡನೆ ಬೆರೆಸದೆ, ತನ್ನ ಹೆಸರಿನಲ್ಲಿಯೇ ತೂಗಿಸುತ್ತಾನೆಯೇ ಎಂದು ನೋಡುತ್ತಾನೆ.

ನಮ್ಮ ಪಕ್ಕದ ಸಂಡೂರಿನಲ್ಲಿ ಹುಟ್ಟಿದ ವಸುಧೇಂದ್ರ ಅವರು ೨೦೧೯ರಲ್ಲಿ 'ತೇಜೋ ತುಂಗಭದ್ರಾ' ಎಂಬ ಕಾದಂಬರಿ ಬರೆದರು. ಲಿಸ್ಬನ್ನಿನ ನದಿಯೊಂದು, ನಮ್ಮ ನದಿಯೊಂದು. ಎರಡು ದಡದ ಕಥೆಯೂ ಕನ್ನಡದಲ್ಲಿ. ೨೦೨೨ರಲ್ಲಿ ಮೈತ್ರೇಯಿ ಕರ್ನೂರ್ ಅವರ ಅನುವಾದದಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಐನೂರು ವರ್ಷದ ಹಿಂದೆ ಇಲ್ಲಿಂದ ಲಿಸ್ಬನ್ನಿಗೆ ಒಂದು ಕಟ್ಟು ಕಾಗದ ಹೋಗಿತ್ತು. ಲಿಸ್ಬನ್ ಈಗ ಸಂಡೂರಿನವರ ಕೈಯಲ್ಲಿ ಕನ್ನಡವಾಗಿ ಬಂತು. ಅಂದು ಕಟ್ಟನ್ನು ಕಳುಹಿಸಿದ ಮನುಷ್ಯನು ಕುದುರೆ ವ್ಯಾಪಾರದಲ್ಲಿ ನಷ್ಟಪಟ್ಟವನ ಹೆಸರನ್ನು ಕೂಡ ಜಾಗ್ರತೆಯಾಗಿ ಬರೆದಿಟ್ಟ. ಅವನ ಹೆಸರು ಮಾತ್ರ ಆ ಕಾಗದದಲ್ಲಿ ಎಲ್ಲಿಯೂ ಇಲ್ಲ.